ಹಳೆಯ ಕಾರಿನ ಬ್ರೇಕ್‌ನಿಂದ ಏರ್ ತೆಗೆಯಲು ಯಾವ ವಿಧಾನ ಸರಿ? ಪೆಡಲ್, ಗ್ರಾವಿಟಿ, ಪ್ರೆಷರ್, ವ್ಯಾಕ್ಯೂಮ್

ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಾರಿಸ್ ಮೈನರ್ ಇಟ್ಟುಕೊಂಡವರು ಬ್ರೇಕ್ ಏರ್, ಅಂದರೆ ಬ್ರೇಕ್ ಆಯಿಲಿನಲ್ಲಿ ಸೇರಿಕೊಂಡ ಗಾಳಿ, ತೆಗೆಯುವ ಸಲಕರಣೆ ಕೊಳ್ಳಲು ಹೊರಟರೆ ಅಂಗಡಿಯಲ್ಲಿ ಅಗ್ಗದ ಪೈಪಿನಿಂದ ಹಿಡಿದು ದುಬಾರಿ ಪಂಪಿನವರೆಗೆ ಎಲ್ಲವೂ ಸಿಗುತ್ತವೆ. ಇವುಗಳಲ್ಲಿ ಬಹುಪಾಲು ನಾಲ್ಕೂ ಚಕ್ರಕ್ಕೆ ಅಥವಾ ಮುಂದಿನ ಎರಡಕ್ಕೆ ಡಿಸ್ಕ್ ಇರುವ ಈಗಿನ ಕಾರುಗಳನ್ನು ಮನಸ್ಸಿನಲ್ಲಿಟ್ಟು ಮಾಡಿದವು. ನಾಲ್ಕೂ ಕಡೆ ಡ್ರಮ್ ಇರುವ, ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳತ್ತ ತಳ್ಳುವ ಭಾಗ) ಎಷ್ಟು ಹಳೆಯದೆಂದು ಯಾರಿಗೂ ಗೊತ್ತಿಲ್ಲದ ಕಾರಿಗೆ ಲೆಕ್ಕಾಚಾರವೇ ಬೇರೆ. ಒಂದು ಕಾರಿಗೆ ಚೆನ್ನಾಗಿ ಒಗ್ಗುವ ವಿಧಾನ ಇನ್ನೊಂದು ಕಾರಿನ ಮಾಸ್ಟರ್ ಸಿಲಿಂಡರನ್ನೇ ಹಾಳು ಮಾಡಬಹುದು.

ಮೊದಲು, ಅದು ಏರ್ ಹೌದೇ?

ಪೆಡಲ್ ಕೆಳಗೆ ಹೋಗುತ್ತಿದೆ ಎಂದ ತಕ್ಷಣ "ಏರ್ ಹಿಡಿದಿದೆ" ಎನ್ನುವುದು ರೂಢಿ. ಡ್ರಮ್ ಬ್ರೇಕಿನ ಕಾರುಗಳಲ್ಲಿ ಈ ದೂರಿನ ಹಿಂದೆ ಹೆಚ್ಚಾಗಿ ಇರುವುದು ಸವೆದ ಲೈನರ್ ಮತ್ತು ಅಡ್ಜಸ್ಟ್ ಆಗದ ಶೂ (ಡ್ರಮ್ಮಿನ ಒಳಮೈಗೆ ಒತ್ತಿಕೊಳ್ಳುವ ಭಾಗ). ಎಂಜಿನ್ ಆಫ್ ಮಾಡಿ, ಪೆಡಲಿಗೆ ಬಲ ಕೂಡಿಸುವ ಬೂಸ್ಟರ್ ಇದ್ದರೆ ನಾಲ್ಕೈದು ಸಲ ಒತ್ತಿ ಅದರ ವ್ಯಾಕ್ಯೂಮ್ ಖಾಲಿ ಮಾಡಿ, ಆಮೇಲೆ ನೋಡಿ.

ಮೊದಲ ಒತ್ತಿಗೆ ಪೆಡಲ್ ಕೆಳಗೆ ಹೋಗಿ, ತಕ್ಷಣದ ಎರಡನೇ ಒತ್ತಿಗೆ ಮೇಲೆಯೇ ಗಟ್ಟಿಯಾಗಿ ನಿಂತರೆ ಗಾಳಿ ಅಲ್ಲ, ಶೂ ಮತ್ತು ಡ್ರಮ್ ನಡುವಿನ ಅಂತರ ಹೆಚ್ಚಾಗಿದೆ. ಎಷ್ಟು ಪಂಪ್ ಮಾಡಿದರೂ ಕಾಲಿಗೆ ಸ್ಪಂಜಿನ ಹಾಗೆ ಸಿಕ್ಕರೆ ಗಾಳಿ ಇದೆ, ಇಲ್ಲವೇ ರಬ್ಬರ್ ಹೋಸ್ ಉಬ್ಬುತ್ತಿದೆ. ಒತ್ತಿ ಹಿಡಿದಾಗ ನಿಧಾನಕ್ಕೆ ಇಳಿಯುತ್ತಾ ಹೋದರೆ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಸೀಲ್, ಅಂದರೆ ಕಪ್, ಆಯಿಲನ್ನು ಹಿಂದಕ್ಕೆ ಬಿಡುತ್ತಿದೆ, ಅಥವಾ ಎಲ್ಲೋ ಹೊರಗೆ ಸೋರುತ್ತಿದೆ. ಈ ಮೂರನೆಯದಕ್ಕೆ ಏರ್ ತೆಗೆಯುವ ಯಾವ ವಿಧಾನವೂ ಮದ್ದಲ್ಲ.

ಹೋಸ್ ಉಬ್ಬುತ್ತಿದೆಯೇ ಎಂದು ತಿಳಿಯಲು ಒಬ್ಬರು ಜೋರಾಗಿ ಪೆಡಲ್ ಒತ್ತಲಿ, ಇನ್ನೊಬ್ಬರು ಹೋಸನ್ನು ಬೆರಳಲ್ಲಿ ಹಿಡಿದಿರಲಿ. ದಪ್ಪವಾಗುವುದು ಕೈಗೇ ತಿಳಿಯುತ್ತದೆ.

ಗಾಳಿ ಇದೆ ಎಂದು ಖಾತ್ರಿಯಾದರೂ ಡ್ರಮ್ ಕಾರುಗಳಲ್ಲಿ ಶೂ ಅಡ್ಜಸ್ಟ್ ಮಾಡದೆ ನಿಪ್ಪಲ್ (ಗಾಳಿ ಹೊರಬಿಡಲು ಚಕ್ರದ ಹಿಂದಿರುವ ಸಣ್ಣ ಸ್ಕ್ರೂ) ಮುಟ್ಟಬೇಡಿ. ಚಕ್ರ ಎತ್ತಿ, ಚಕ್ರ ತಿರುಗದಷ್ಟು ಅಡ್ಜಸ್ಟರ್ ಬಿಗಿ ಮಾಡಿ. ಕೆಲವು ಕಾರುಗಳಲ್ಲಿ ಅದು ಬ್ಯಾಕ್ ಪ್ಲೇಟಿನ ಹಿಂದೆ ಚೌಕ ತಲೆಯಾಗಿರುತ್ತದೆ, ಕೆಲವದರಲ್ಲಿ ಡ್ರಮ್ಮಿನ ತೂತಿನೊಳಗೆ ಸ್ಕ್ರೂಡ್ರೈವರ್ ಹಾಕಿ ತಿರುಗಿಸಬೇಕು. ಹೀಗೆ ಬಿಗಿದಾಗ, ಶೂಗಳನ್ನು ಹೊರಕ್ಕೆ ತಳ್ಳುವ ವೀಲ್ ಸಿಲಿಂಡರಿನ ಪಿಸ್ಟನ್‌ಗಳು ಒಳಗೇ ಉಳಿಯುತ್ತವೆ, ಗಾಳಿ ಅಡಗಲು ಜಾಗ ಕಡಿಮೆಯಾಗುತ್ತದೆ, ಪೆಡಲಿನ ಪ್ರತಿ ಒತ್ತೂ ಆಯಿಲನ್ನು ನೇರವಾಗಿ ನಿಪ್ಪಲ್ಲಿನತ್ತ ತಳ್ಳುತ್ತದೆ. ಕೆಲಸ ಮುಗಿದ ಮೇಲೆ ಚಕ್ರ ತುಸುವೇ ಉಜ್ಜುತ್ತಾ ತಿರುಗುವಷ್ಟು ಸಡಿಲಿಸಿದರಾಯಿತು.

ನಿಪ್ಪಲ್: ಯಾವ ವಿಧಾನಕ್ಕೂ ಮೊದಲ ತಡೆ

ವರ್ಷಗಟ್ಟಲೆ ತೆರೆಯದ ನಿಪ್ಪಲ್ ಮುರಿದರೆ ವೀಲ್ ಸಿಲಿಂಡರನ್ನೇ ಬದಲಿಸಬೇಕಾಗುತ್ತದೆ. ಎರಡು ದಿನ ಮುಂಚೆಯೇ ತಂತಿ ಬ್ರಷ್ಷಿನಿಂದ ಉಜ್ಜಿ, ಥ್ರೆಡ್ಡಿನ ಬುಡಕ್ಕೆ ತುಕ್ಕು ಬಿಡಿಸುವ ಆಯಿಲ್ ಹಾಕಿ. ಅದು ಒಳಗೆ ಹೋಗದಂತೆ ರಬ್ಬರ್ ಕ್ಯಾಪ್ ಹಾಕಿಯೇ ಇರಲಿ, ಏಕೆಂದರೆ ಪೆಟ್ರೋಲಿಯಂ ಮೂಲದ ಯಾವ ಎಣ್ಣೆಯೂ ಬ್ರೇಕಿನ ರಬ್ಬರ್ ಕಪ್‌ಗಳನ್ನು ಊದಿಸಿಬಿಡುತ್ತದೆ. ಇದೇ ಕಾರಣಕ್ಕೆ ಸಿಲಿಂಡರ್ ಭಾಗಗಳನ್ನು ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್‌ನಲ್ಲಿ ತೊಳೆಯಬಾರದು. ಬ್ರೇಕ್ ಆಯಿಲ್ ಅಥವಾ ಸ್ಪಿರಿಟ್ ಮಾತ್ರ.

ಓಪನ್ ಸ್ಪ್ಯಾನರ್ ಹಾಕಿದರೆ ಮೂಲೆ ಸವೆಯುತ್ತದೆ. ಆರು ಮೂಲೆಯ ಸಾಕೆಟ್ಟಿನಲ್ಲಿ ಮೊದಲು ಬಿಡಿಸಿಕೊಂಡು, ಆಮೇಲೆ ರಿಂಗ್ ಸ್ಪ್ಯಾನರ್ ಹಾಕಿ. ಬ್ರಿಟಿಷ್ ಮೂಲದ ಕಾರುಗಳಲ್ಲಿ ಇಂಚಿನ ಅಳತೆ, ಇಟಲಿ ಮೂಲದವುಗಳಲ್ಲಿ ಮಿಲಿಮೀಟರ್ ಇರುತ್ತದೆ. ಆದರೆ ಇಷ್ಟು ವರ್ಷಗಳಲ್ಲಿ ಸಿಲಿಂಡರ್ ಬದಲಾಗಿದ್ದರೆ ಒಂದೇ ಕಾರಿನಲ್ಲಿ ಎರಡೂ ಅಳತೆ ಸಿಗುವುದುಂಟು, ಆದ್ದರಿಂದ ನಾಲ್ಕೂ ಚಕ್ರದಲ್ಲಿ ಮೊದಲೇ ಹಾಕಿ ನೋಡಿ. ಹಠ ಹಿಡಿದ ನಿಪ್ಪಲ್ಲಿಗೆ ಬೆಂಕಿ ಹಿಡಿಯಬೇಡಿ. ಬ್ರೇಕ್ ಆಯಿಲ್ ಹೊತ್ತಿಕೊಳ್ಳುತ್ತದೆ, ಒಳಗಿನ ಕಪ್ ಸುಡುತ್ತದೆ. ಸಣ್ಣ ಸುತ್ತಿಗೆಯಲ್ಲಿ ತಲೆಯ ಮೇಲೆ ನೇರವಾಗಿ ತಟ್ಟಿ, ಬಿಗಿ ಮಾಡುವ ದಿಕ್ಕಿಗೆ ತುಸು ತಿರುಗಿಸಿ, ಆಮೇಲೆ ಬಿಚ್ಚುವ ದಿಕ್ಕಿಗೆ. ಬಿಚ್ಚಿದ ಮೇಲೂ ಆಯಿಲ್ ಬರದಿದ್ದರೆ ನಿಪ್ಪಲ್ಲನ್ನು ಹೊರಗೆ ತೆಗೆದು ಅದರ ಅಡ್ಡ ತೂತನ್ನು ಸಣ್ಣ ತಂತಿಯಲ್ಲಿ ಚುಚ್ಚಿ ನೋಡಿ. ತುಕ್ಕಿನ ಪುಡಿ ಅಲ್ಲೇ ಕಟ್ಟಿಕೊಂಡಿರುತ್ತದೆ.

ಇಬ್ಬರು ಸೇರಿ ಪೆಡಲ್ ಒತ್ತುವುದು

ಖರ್ಚು ಒಂದು ಪಾರದರ್ಶಕ ಪೈಪಿನದು. ನಿಪ್ಪಲ್ಲಿನ ಮೇಲೆ ಬಿಗಿಯಾಗಿ ಕೂರುವ 4ರಿಂದ 5 ಮಿ.ಮೀ. ಒಳವ್ಯಾಸದ್ದು ಬೇಕು. ಅದರ ಇನ್ನೊಂದು ತುದಿ ಬಾಟಲಿಯಲ್ಲಿ ಒಂದೆರಡು ಇಂಚು ಹೊಸ ಆಯಿಲಿನೊಳಗೆ ಮುಳುಗಿರಲಿ. ಪೈಪನ್ನು ನಿಪ್ಪಲ್ಲಿನಿಂದ ಮೊದಲು ಮೇಲಕ್ಕೆ ಏರಿಸಿ, ಆಮೇಲೆ ಬಾಟಲಿಗೆ ಇಳಿಸಿ. ಆಗ ಗುಳ್ಳೆ ಮೇಲೇರಿ ಹೋಗುತ್ತದೆ, ವಾಪಸ್ ಬರುವುದಿಲ್ಲ.

ಕೆಳಗಿರುವವರು "ಒತ್ತು" ಎಂದಾಗ ಮೇಲಿರುವವರು ನಿಧಾನಕ್ಕೆ ಒತ್ತಿ "ಒತ್ತಿದೆ" ಎನ್ನಬೇಕು. ಆಗ ನಿಪ್ಪಲ್ಲನ್ನು ಅರ್ಧ ಸುತ್ತು ಬಿಚ್ಚಿದರೆ ಪೆಡಲ್ ಇಳಿಯುತ್ತದೆ, ಪೈಪಿನಲ್ಲಿ ಆಯಿಲ್ ಓಡುತ್ತದೆ. ಪೆಡಲ್ ಇನ್ನೂ ಕೆಳಗೆ ಇರುವಾಗಲೇ ನಿಪ್ಪಲ್ ಮುಚ್ಚಿ, ಆಮೇಲೆ "ಬಿಡು" ಎನ್ನಬೇಕು. ಇದರಲ್ಲಿ ಎಡವಟ್ಟಾಗುವುದು ಒಂದೇ ಕಡೆ: ಮುಚ್ಚುವ ಮೊದಲೇ ಕಾಲು ಎತ್ತಿದರೆ ಹೊರಹೋದ ಗಾಳಿಯಷ್ಟೇ ಮತ್ತೆ ಒಳಗೆ. ಕಾಲು ಎತ್ತಿದ ಮೇಲೆ ನಾಲ್ಕೈದು ಸೆಕೆಂಡ್ ಬಿಡುವು ಕೊಡಿ, ಮಾಸ್ಟರ್ ಸಿಲಿಂಡರಿನ ಸಣ್ಣ ತೂತಿನಿಂದ ಆಯಿಲ್ ಇಳಿದು ತುಂಬಲು ಅಷ್ಟು ಸಮಯ ಬೇಕು. ಪಟಪಟ ಪಂಪ್ ಮಾಡಿದರೆ ಆಯಿಲ್ ಕಲಕಿ, ದೊಡ್ಡ ಗುಳ್ಳೆ ಒಡೆದು ಸಣ್ಣ ಗುಳ್ಳೆಗಳಾಗುತ್ತವೆ. ಅವನ್ನು ಹೊರಹಾಕುವುದು ಇನ್ನೂ ಕಷ್ಟ.

ಈ ವಿಧಾನದ ನಿಜವಾದ ಅಪಾಯ ಪೆಡಲಿನ ಕೆಳಗಿನ ಅರ್ಧದಲ್ಲಿದೆ. ದಿನನಿತ್ಯದ ಓಡಾಟದಲ್ಲಿ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಬೋರಿನ (ಸಿಲಿಂಡರ್ ಒಳಗಿನ ಕೊಳವೆಯ) ಮೊದಲ ಭಾಗದಲ್ಲಷ್ಟೇ ಓಡಾಡುತ್ತದೆ. ಅದರ ಮುಂದಿನ ಭಾಗದಲ್ಲಿ ನೀರಿನಂಶದಿಂದ ತುಕ್ಕು, ಗಸಿ ಕೂತಿರುತ್ತದೆ. ನಿಪ್ಪಲ್ ಬಿಚ್ಚಿ ಪೆಡಲನ್ನು ನೆಲಕ್ಕೆ ಮುಟ್ಟಿಸಿದಾಗ ರಬ್ಬರ್ ಕಪ್ ಆ ಒರಟು ಜಾಗದ ಮೇಲೆ ಹಾದು ಹರಿಯುತ್ತದೆ. ಏರ್ ತೆಗೆದ ಮರುದಿನವೇ ಪೆಡಲ್ ಇಳಿಯತೊಡಗಲು ಇದೇ ಕಾರಣ. ಪರಿಹಾರ ಸರಳ: ಪೆಡಲಿನ ಅಡಿಗೆ ಒಂದು ಮರದ ತುಂಡು ಇಟ್ಟು, ಅದು ಅರ್ಧದಿಂದ ಮೂರನೇ ಎರಡು ಭಾಗದವರೆಗೆ ಮಾತ್ರ ಇಳಿಯುವಂತೆ ಮಾಡಿ. ಒತ್ತುಗಳು ಹೆಚ್ಚು ಬೇಕಾಗುತ್ತವೆ, ಸಿಲಿಂಡರ್ ಉಳಿಯುತ್ತದೆ.

ಒಬ್ಬರೇ ಮಾಡುವ ವಾಲ್ವ್ ಪೈಪ್

ಒಂದೇ ದಿಕ್ಕಿಗೆ ಬಿಡುವ ಸಣ್ಣ ವಾಲ್ವ್ ಇರುವ ಪೈಪ್ ಹಾಕಿ, ನಿಪ್ಪಲ್ ಬಿಚ್ಚಿಟ್ಟು, ನೀವೇ ಪೆಡಲ್ ಒತ್ತುವುದು. ಅಗ್ಗ, ಆದರೆ ಪೆಡಲ್ ಮೇಲೆ ಬರುವಾಗ ಸಡಿಲ ನಿಪ್ಪಲ್ಲಿನ ಥ್ರೆಡ್ ಸಂದಿಯಿಂದ ಗಾಳಿ ಎಳೆದುಕೊಳ್ಳುತ್ತದೆ. ಹಳೆಯ ಆಯಿಲ್ ಬದಲಿಸಲು ಸಾಕು. ಸಿಸ್ಟಮ್ ಪೂರ್ತಿ ಖಾಲಿಯಾಗಿ ಗಾಳಿ ತುಂಬಿದ್ದಾಗ ಇದನ್ನು ನಂಬಬೇಡಿ. ಬಳಸುವುದಾದರೆ ನಿಪ್ಪಲ್ಲನ್ನು ಕಾಲು ಸುತ್ತಿಗಿಂತ ಹೆಚ್ಚು ಬಿಚ್ಚಬೇಡಿ. ಮರದ ತುಂಡಿನ ಮಾತು ಇಲ್ಲಿಗೂ ಅನ್ವಯ.

ಗ್ರಾವಿಟಿ: ತನ್ನಷ್ಟಕ್ಕೆ ಇಳಿಯಲು ಬಿಡುವುದು

ಮಾಸ್ಟರ್ ಸಿಲಿಂಡರಿಗೆ ಆಯಿಲ್ ಒದಗಿಸುವ ಡಬ್ಬಿ ತುಂಬಿ, ಮುಚ್ಚಳ ಸಡಿಲಿಸಿ, ಒಂದು ನಿಪ್ಪಲ್ ಬಿಚ್ಚಿ ಪೈಪ್ ಹಾಕಿ ಕಾಯುವುದು. ಯಾವ ಕಪ್ಪಿಗೂ ಪೆಟ್ಟಿಲ್ಲ, ಯಾರ ಸಹಾಯವೂ ಬೇಡ. ಪ್ರತಿ ಚಕ್ರಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯಬಹುದು, ಅಷ್ಟು ಹೊತ್ತೂ ಡಬ್ಬಿ ಖಾಲಿಯಾಗದಂತೆ ಕಾಯಬೇಕು.

ಇದು ಎಲ್ಲ ಕಾರಿಗೂ ನಡೆಯುವುದಿಲ್ಲ. ಹಲವು ಡ್ರಮ್ ಕಾರುಗಳ ಮಾಸ್ಟರ್ ಸಿಲಿಂಡರಿನ ತುದಿಯಲ್ಲಿ, ಲೈನಿನಲ್ಲಿ ಸದಾ ಸುಮಾರು 8ರಿಂದ 10 ಪಿಎಸ್‌ಐ ಒತ್ತಡ ಉಳಿಸುವ ಚೆಕ್ ವಾಲ್ವ್ ಇರುತ್ತದೆ. ವೀಲ್ ಸಿಲಿಂಡರಿನ ಕಪ್‌ಗಳ ಅಂಚು ಬೋರಿಗೆ ಅಂಟಿಕೊಂಡಿರಲಿ ಎಂದು ಅದನ್ನು ಇಟ್ಟಿರುತ್ತಾರೆ. ಡಬ್ಬಿ ನಿಪ್ಪಲ್ಲಿಗಿಂತ ಅರ್ಧ ಮೀಟರ್ ಎತ್ತರದಲ್ಲಿದ್ದರೂ ಅದು ಕೊಡುವ ಒತ್ತಡ ಮುಕ್ಕಾಲು ಪಿಎಸ್‌ಐ ಮಾತ್ರ. ಹಲವು ಕಾರುಗಳಲ್ಲಿ ಅಷ್ಟಕ್ಕೆ ಆ ವಾಲ್ವ್ ತೆರೆದುಕೊಳ್ಳುವುದೇ ಇಲ್ಲ. ಮಾರಿಸ್ ಮೈನರ್‌ನಲ್ಲಂತೂ ಮಾಸ್ಟರ್ ಸಿಲಿಂಡರ್ ಚಾಲಕನ ಕಾಲಡಿ, ನೆಲದ ಕೆಳಗಿದೆ. ಇಳಿಯಲು ಎತ್ತರವೇ ಇಲ್ಲ.

ಗ್ರಾವಿಟಿಗೂ ಮುಂದೆ ಹೇಳುವ ಪ್ರೆಷರ್‌ಗೂ ಸೇರಿದ ಒಂದು ಷರತ್ತಿದೆ. ಪೆಡಲ್ ಪೂರ್ತಿ ಮೇಲೆ ಬಂದಿರಬೇಕು, ಪುಷ್ ರಾಡ್ (ಪೆಡಲಿನಿಂದ ಪಿಸ್ಟನ್ನನ್ನು ತಳ್ಳುವ ಸರಳು) ಮತ್ತು ಪಿಸ್ಟನ್ ನಡುವೆ ತುಸು ಸಡಿಲ ಇರಬೇಕು. ಪೆಡಲನ್ನು ಬೆರಳಲ್ಲಿ ಒತ್ತಿದಾಗ ಕೆಲವು ಮಿಲಿಮೀಟರ್ ಸುಮ್ಮನೆ ಅಲ್ಲಾಡಬೇಕು. ಆ ಸಡಿಲ ಇಲ್ಲದಿದ್ದರೆ ಕಪ್ ಡಬ್ಬಿಯಿಂದ ಬರುವ ತೂತನ್ನು ಮುಚ್ಚಿಯೇ ಕೂತಿರುತ್ತದೆ, ಎಷ್ಟು ಕಾದರೂ ಹನಿ ಬರುವುದಿಲ್ಲ. ಇಂಥ ಕಾರು ಓಡಾಡುವಾಗ ಬ್ರೇಕ್ ತಾನಾಗಿಯೇ ಹಿಡಿದುಕೊಳ್ಳುತ್ತದೆ.

ಪ್ರೆಷರ್

ಡಬ್ಬಿಯ ಮುಚ್ಚಳದ ಜಾಗಕ್ಕೆ ಒಂದು ಅಡಾಪ್ಟರ್ ಕೂರಿಸಿ, ಹೊಸ ಆಯಿಲ್ ತುಂಬಿದ ಬಾಟಲಿಗೆ ಒತ್ತಡ ಕೊಡುವುದು. ಕೈಪಂಪ್ ಇರುವ ಮಾದರಿ ಒಂದು, ಸ್ಟೆಪ್ನಿ ಟಯರಿನ ಗಾಳಿಯಿಂದ ನಡೆಯುವ ಗನ್ಸನ್ ಈಜಿಬ್ಲೀಡ್ ಇನ್ನೊಂದು. ಈಜಿಬ್ಲೀಡ್‌ಗೆ ಸ್ಟೆಪ್ನಿಯನ್ನು 20 ಪಿಎಸ್‌ಐಗಿಂತ ಕೆಳಗೆ ಇಳಿಸಲೇಬೇಕು. ಹಳೆಯ ಪ್ಲಾಸ್ಟಿಕ್ ಡಬ್ಬಿಗೆ 10ರಿಂದ 12 ಸಾಕು, ಅದಕ್ಕಿಂತ ಹೆಚ್ಚು ಕೊಟ್ಟು ಗಳಿಸುವುದು ಏನೂ ಇಲ್ಲ.

ಕಪ್‌ಗಳು ಅಲ್ಲಾಡದೆ ಆಯಿಲ್ ಒಂದೇ ಸಮನೆ ಹರಿಯುವುದು ಇದರ ಹೆಚ್ಚುಗಾರಿಕೆ. ಮಾಸ್ಟರ್ ಸಿಲಿಂಡರ್ ಹಳೆಯದು, ಅದರ ಚರಿತ್ರೆ ಗೊತ್ತಿಲ್ಲ ಎಂದಿದ್ದರೆ ನಮ್ಮ ಮೊದಲ ಆಯ್ಕೆ ಇದೇ. ನಿಪ್ಪಲ್ಲಿನಿಂದ ನಿಪ್ಪಲ್ಲಿಗೆ ಹೋಗುತ್ತಾ ಒಬ್ಬರೇ ಒಂದು ಗಂಟೆಯೊಳಗೆ ಮುಗಿಸಬಹುದು.

ತೊಂದರೆ ಇರುವುದು ಮುಚ್ಚಳದಲ್ಲಿ. ಪೆಟ್ಟಿಗೆಯಲ್ಲಿ ಬರುವ ಅಡಾಪ್ಟರ್‌ಗಳು ನಮ್ಮ ಹಳೆಯ ಡಬ್ಬಿಗಳ ಥ್ರೆಡ್ಡಿಗೆ ಕೂರದಿರಬಹುದು. ಹಾಗಿದ್ದರೆ ಒಂದು ಹೆಚ್ಚುವರಿ ಮುಚ್ಚಳ ಹುಡುಕಿ, ಅದಕ್ಕೆ ತೂತು ಕೊರೆದು, ಟ್ಯೂಬ್ ಟಯರಿನ ವಾಲ್ವನ್ನೋ ಹಿತ್ತಾಳೆ ನಿಪ್ಪಲ್ಲನ್ನೋ ರಬ್ಬರ್ ವಾಷರಿನೊಡನೆ ಬಿಗಿದು ಮಾಡಿಕೊಳ್ಳಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಅಂಗಡಿಗಳಲ್ಲಿ ಇಂಥ ಮುಚ್ಚಳ ಕೇಳಿ ನೋಡಬಹುದು. ಹಳೆಯ ಮುಚ್ಚಳ ಕೈಯಲ್ಲೇ ಇರಲಿ. ಆಯಿಲ್ ಹಾಕುವ ಮೊದಲು ಬರೀ ಗಾಳಿ ಕೊಟ್ಟು ನೋಡುವುದು ಕಡ್ಡಾಯ: ಸೋಪು ನೀರು ಹಚ್ಚಿದಾಗ ನೊರೆ ಬಂದರೆ ಅಲ್ಲಿ ಸೋರುತ್ತದೆ. ಒತ್ತಡದಲ್ಲಿ ಚಿಮ್ಮಿದ ಬ್ರೇಕ್ ಆಯಿಲ್ ಬಾನೆಟ್, ಮಡ್‌ಗಾರ್ಡಿನ ಪೇಂಟನ್ನು ಮೆತ್ತಗೆ ಮಾಡಿ ಎಬ್ಬಿಸುತ್ತದೆ. ಸುತ್ತ ಹಳೆಯ ಟವೆಲ್ ಹಾಸಿ, ಪಕ್ಕದಲ್ಲಿ ಬಕೆಟ್ ನೀರು ಇರಲಿ. ಚೆಲ್ಲಿದರೆ ಒರೆಸುವುದಲ್ಲ, ತಕ್ಷಣ ಧಾರಾಳವಾಗಿ ನೀರು ಸುರಿಯುವುದು. ಬಾಟಲಿ ಖಾಲಿಯಾದರೆ ಇಡೀ ಸಿಸ್ಟಮ್ಮಿಗೆ ಗಾಳಿ ನುಗ್ಗುತ್ತದೆ, ಹಾಗಾಗಿ ಪ್ರತಿ ಚಕ್ರ ಮುಗಿದಾಗಲೂ ಮಟ್ಟ ನೋಡಿ. ಮುಗಿದ ಮೇಲೆ ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಒತ್ತಡ ಬಿಟ್ಟಿರಬೇಕು.

ವ್ಯಾಕ್ಯೂಮ್ ಪಂಪ್, ಸಿರಿಂಜ್

ಕೈಯಲ್ಲಿ ಹಿಡಿದು ಎಳೆಯುವ ವ್ಯಾಕ್ಯೂಮ್ ಪಂಪ್ ಜನಪ್ರಿಯ. ಡಿಸ್ಕ್ ಕ್ಯಾಲಿಪರ್‌ಗೆ ಒಳ್ಳೆಯ ಕೆಲಸ ಮಾಡುತ್ತದೆ. ಡ್ರಮ್ ಕಾರಿಗೆ ಇದನ್ನು ನಾವು ಸೂಚಿಸುವುದಿಲ್ಲ, ಕಾರಣ ವೀಲ್ ಸಿಲಿಂಡರಿನ ಕಪ್ಪಿನ ಆಕಾರದಲ್ಲಿದೆ. ಒಳಗಿನಿಂದ ಒತ್ತಡ ಬಂದಾಗ ಕಪ್ಪಿನ ತೆಳು ಅಂಚು ಅಗಲವಾಗಿ ಬೋರಿಗೆ ಒತ್ತಿಕೊಳ್ಳುತ್ತದೆ. ಒಳಗಿನಿಂದ ಎಳೆದರೆ ಅದೇ ಅಂಚು ಒಳಕ್ಕೆ ಬಾಗಿ ಹೊರಗಿನ ಗಾಳಿಗೆ ದಾರಿ ಬಿಡಬಹುದು. ಗಾಳಿ ತೆಗೆಯಲು ಹೋಗಿ ಗಾಳಿ ತುಂಬಿದಂತಾಗುತ್ತದೆ.

ಇನ್ನೊಂದು ಗೊಂದಲವೂ ಇದೆ. ನಿಪ್ಪಲ್ಲಿನ ಥ್ರೆಡ್ ಸಂದಿಯಿಂದ ಬಂದ ಗಾಳಿ ಪೈಪಿನಲ್ಲಿ ಕೊನೆಯಿಲ್ಲದ ಸಣ್ಣ ಗುಳ್ಳೆಗಳಾಗಿ ಕಾಣುತ್ತಲೇ ಇರುತ್ತದೆ, ಒಳಗೆ ಗಾಳಿ ಉಳಿದಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಮುಂದೆ ಡಿಸ್ಕ್ ಇರುವ ಕಾರಿಗೆ ಬಳಸುವುದಾದರೆ ಥ್ರೆಡ್ಡಿಗೆ ಮಾತ್ರ, ತುದಿಯ ಶಂಕುವಿನಾಕಾರದ ಭಾಗಕ್ಕೆ ತಾಗದಂತೆ, ಟೆಫ್ಲಾನ್ ಟೇಪ್ ಒಂದೆರಡು ಸುತ್ತು ಸುತ್ತಿ. ಪಂಪ್ ಈಗಾಗಲೇ ಮನೆಯಲ್ಲಿದ್ದರೆ ಡಬ್ಬಿಯ ಹಳೆಯ ಆಯಿಲ್ ಎಳೆಯಲು ಅದಕ್ಕಿಂತ ಅನುಕೂಲ ಇನ್ನೊಂದಿಲ್ಲ.

ಮೆಡಿಕಲ್ ಶಾಪಿನ 50 ಮಿ.ಲೀ. ಸಿರಿಂಜಿನಿಂದ ನಿಪ್ಪಲ್ ಮೂಲಕ ಕೆಳಗಿನಿಂದ ಮೇಲಕ್ಕೆ ಆಯಿಲ್ ತಳ್ಳುವುದೂ ಒಂದು ವಿಧಾನ. ಗಾಳಿ ಸಹಜವಾಗಿ ಏರುವ ದಿಕ್ಕು ಅದೇ, ಕ್ಲಚ್ ಸಿಲಿಂಡರಿಗಂತೂ ಇದು ಬಲು ಸಲೀಸು. ಆದರೆ ಮೇಲೆ ಹೇಳಿದ ಚೆಕ್ ವಾಲ್ವ್ ಇರುವ ಬ್ರೇಕ್ ಸಿಸ್ಟಮ್‌ನಲ್ಲಿ ಹಿಮ್ಮುಖವಾಗಿ ಹರಿಯುವುದಕ್ಕೆ ಆ ವಾಲ್ವೇ ಅಡ್ಡ. ಜೊತೆಗೆ ವೀಲ್ ಸಿಲಿಂಡರಿನ ಗಸಿ ಮೇಲೇರಿ ಮಾಸ್ಟರ್ ಸಿಲಿಂಡರಿಗೆ ಸೇರುತ್ತದೆ.

ಹಾಗಾದರೆ ನಿಮ್ಮ ಕಾರಿಗೆ ಯಾವುದು?

ನಾಲ್ಕೂ ಡ್ರಮ್, ಮಾಸ್ಟರ್ ಸಿಲಿಂಡರಿಗೆ ಇತ್ತೀಚೆಗೆ ಹೊಸ ಕಿಟ್ (ರಬ್ಬರ್ ಕಪ್‌ಗಳ ಸೆಟ್) ಹಾಕಿದೆ, ಸಹಾಯಕ್ಕೆ ಒಬ್ಬರಿದ್ದಾರೆ ಎಂದರೆ ಇಬ್ಬರ ಪೆಡಲ್ ವಿಧಾನ, ಮರದ ತುಂಡಿನೊಂದಿಗೆ. ಬೇರೇನೂ ಕೊಳ್ಳಬೇಡಿ. ಹೊಸ ಕಿಟ್ ಎಂದರೂ ಹಳೆಯ ಬೋರನ್ನು ಹೋನ್ ಮಾಡಿ (ಉಜ್ಜಿ ನುಣುಪು ಮಾಡಿ) ಹಾಕಿದ್ದಾರೋ, ಸಿಲಿಂಡರೇ ಹೊಸದೋ ತಿಳಿದುಕೊಳ್ಳಿ.

ಮಾಸ್ಟರ್ ಸಿಲಿಂಡರ್ ಹಳೆಯದಾಗಿದ್ದರೆ ಅಥವಾ ನೀವೊಬ್ಬರೇ ಇದ್ದರೆ ಕಡಿಮೆ ಒತ್ತಡದ ಪ್ರೆಷರ್ ವಿಧಾನ. ಮುಚ್ಚಳ ಹೊಂದಿಸುವ ಕಷ್ಟ ಒಂದೇ ಸಲದ್ದು, ಆಮೇಲೆ ಪ್ರತಿ ಎರಡು ವರ್ಷಕ್ಕೆ ಆಯಿಲ್ ಬದಲಿಸುವಾಗಲೂ ಅದೇ ಉಪಯೋಗಕ್ಕೆ ಬರುತ್ತದೆ.

ಮುಂದೆ ಡಿಸ್ಕ್, ಹಿಂದೆ ಡ್ರಮ್ ಇದ್ದರೆ ಪ್ರೆಷರ್ ಅಥವಾ ಪೆಡಲ್. ಚೆಕ್ ವಾಲ್ವ್ ಇಲ್ಲದ ಕಾರಾಗಿ, ಸಿಸ್ಟಮ್ ಪೂರ್ತಿ ಬಿಚ್ಚಿ ಜೋಡಿಸಿದ್ದರೆ ಮೊದಲು ರಾತ್ರಿ ಗ್ರಾವಿಟಿಯಲ್ಲಿ ತುಂಬಲು ಬಿಟ್ಟು, ಬೆಳಿಗ್ಗೆ ಪೆಡಲಿನಿಂದ ಮುಗಿಸುವುದು ಒಳ್ಳೆಯ ಜೋಡಿ. ರಾತ್ರಿ ಬಿಡುವಾಗ ಪೈಪಿನ ತುದಿಯನ್ನು ಡಬ್ಬಿಯ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ಕಟ್ಟಿದರೆ ಹರಿವು ನಿಧಾನವಾಗಿ, ಡಬ್ಬಿ ಬರಿದಾಗುವ ಭಯ ಇರುವುದಿಲ್ಲ.

ಆಯಿಲ್ ಆಯ್ಕೆ ವಿಧಾನವನ್ನೂ ನಿರ್ಧರಿಸುತ್ತದೆ

ಬ್ರೇಕ್ ಆಯಿಲಿನ ದರ್ಜೆಗಳನ್ನು ಡಾಟ್ ಸಂಖ್ಯೆಯಿಂದ ಗುರುತಿಸುತ್ತಾರೆ. ಡಾಟ್ 3ರ ಕುದಿಯುವ ಬಿಂದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ನೀರಿನಂಶ ಸೇರಿದ ಮೇಲೆ 140. ಡಾಟ್ 4ಕ್ಕೆ 230 ಮತ್ತು 155. ಎರಡೂ ಗ್ಲೈಕಾಲ್ ಮೂಲದವು, ಒಂದರ ಜೊತೆ ಒಂದು ಬೆರೆಯುತ್ತವೆ, ಎರಡೂ ಗಾಳಿಯ ತೇವ ಹೀರುತ್ತವೆ. ಮಂಗಳೂರು, ಉಡುಪಿಯ ಸೆಕೆಯಲ್ಲಿ ಮುಚ್ಚಳ ತೆರೆದಿಟ್ಟ ಬಾಟಲಿ ಬೇಗ ಕೆಡುತ್ತದೆ. ಆಗುಂಬೆ, ಚಾರ್ಮಾಡಿ ಇಳಿಯುವಾಗ ಡ್ರಮ್ ಕಾದು, ನೀರು ಸೇರಿದ ಆಯಿಲ್ ವೀಲ್ ಸಿಲಿಂಡರಿನಲ್ಲೇ ಕುದಿದರೆ ಆವಿಯ ಗುಳ್ಳೆ ಪೆಡಲನ್ನು ನೆಲಕ್ಕೆ ಇಳಿಸುತ್ತದೆ. ಒಂದೇ ಸರ್ಕ್ಯೂಟಿನ ಹಳೆಯ ಕಾರುಗಳಲ್ಲಿ ಆಗ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ. ಓಡಾಡುವ ಕಾರಿಗೆ ಡಾಟ್ 4 ಹಾಕಿ, ಪ್ರತಿ ಸಲ ಸೀಲ್ ಒಡೆಯದ ಹೊಸ ಬಾಟಲಿಯಿಂದ.

ಡಾಟ್ 5 ಸಿಲಿಕೋನ್. ತೇವ ಹೀರುವುದಿಲ್ಲ, ಪೇಂಟ್ ಎಬ್ಬಿಸುವುದಿಲ್ಲ, ಆದ್ದರಿಂದ ಪ್ರದರ್ಶನಕ್ಕಷ್ಟೇ ತೆಗೆಯುವ ಕಾರಿನವರಿಗೆ ಇಷ್ಟ. ಆದರೆ ಗ್ಲೈಕಾಲ್ ಜೊತೆ ಬೆರೆಯದು. ಹಾಕುವುದಾದರೆ ಪೈಪುಗಳನ್ನು ಸ್ಪಿರಿಟ್‌ನಿಂದ ತೊಳೆದು ಒಣಗಿಸಿ, ಎಲ್ಲ ಕಪ್‌ಗಳನ್ನೂ ಹೊಸದಾಗಿ ಹಾಕಬೇಕು. ಒಳಸೇರಿದ ನೀರು ಅದರಲ್ಲಿ ಕರಗದೆ ತಗ್ಗಿನಲ್ಲಿರುವ ವೀಲ್ ಸಿಲಿಂಡರಿನ ಅಡಿಯಲ್ಲಿ ನಿಂತು ತುಕ್ಕು ಹಿಡಿಸುತ್ತದೆ. ಗಾಳಿಯ ಸಣ್ಣ ಗುಳ್ಳೆಗಳನ್ನು ಇದು ಹಿಡಿದಿಟ್ಟುಕೊಳ್ಳುವುದರಿಂದ ಬಾಟಲಿ ಅಲ್ಲಾಡಿಸದೆ ನಿಧಾನ ಸುರಿಯಬೇಕು, ಪೆಡಲ್ ಪಂಪ್ ಮಾಡಲೇಬಾರದು. ಇದಕ್ಕೆ ಗ್ರಾವಿಟಿ ಅಥವಾ ತೀರ ಕಡಿಮೆ ಪ್ರೆಷರ್ ಮಾತ್ರ. ಡಾಟ್ 5.1 ಹೆಸರಿನಲ್ಲಷ್ಟೇ ಇದಕ್ಕೆ ಹತ್ತಿರ, ಅದು ಗ್ಲೈಕಾಲ್ ಗುಂಪಿನದು.

ಅನುಕ್ರಮ, ಪ್ರಮಾಣ, ಹಠಮಾರಿ ಗಾಳಿ

ಕಾರಿನ ಮ್ಯಾನುಯಲ್ ಬೇರೆ ಹೇಳದಿದ್ದರೆ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು. ಬಲಗಡೆ ಸ್ಟೀರಿಂಗ್‌ನ ಕಾರಿನಲ್ಲಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಗಾಳಿ ತೆಗೆಯಲಷ್ಟೇ ಅರ್ಧ ಲೀಟರ್ ಸಾಕು, ಹಳೆಯದನ್ನು ಪೂರ್ತಿ ಬದಲಿಸಲು ಒಂದು ಲೀಟರ್ ಇಟ್ಟುಕೊಳ್ಳಿ. ಮೊದಲು ಡಬ್ಬಿಯ ಕಪ್ಪು ಆಯಿಲನ್ನು ಸಿರಿಂಜಿನಲ್ಲಿ ಎಳೆದು ಬಿಡಿ, ಇಲ್ಲದಿದ್ದರೆ ಆ ಗಸಿಯನ್ನೆಲ್ಲ ಪೈಪುಗಳ ಮೂಲಕ ಸಾಗಿಸಿದಂತೆ. ಮೊದಲ ಚಕ್ರದಲ್ಲಿ 150ರಿಂದ 200 ಮಿ.ಲೀ., ಉಳಿದವುಗಳಲ್ಲಿ ಸ್ವಚ್ಛ ಹಳದಿ ಆಯಿಲ್ ಗುಳ್ಳೆಯಿಲ್ಲದೆ ಬರುವವರೆಗೆ. ಹೊರಬಂದದ್ದನ್ನು ಮತ್ತೆ ಡಬ್ಬಿಗೆ ಹಾಕಬೇಡಿ, ಚರಂಡಿಗೂ ಸುರಿಯಬೇಡಿ. ಗ್ಯಾರೇಜಿನ ವೇಸ್ಟ್ ಆಯಿಲ್ ಡ್ರಮ್ಮಿಗೆ ಕೊಡಿ.

ನಾಲ್ಕೂ ಚಕ್ರ ಎರಡು ಸುತ್ತು ಮುಗಿಸಿದರೂ ಪೆಡಲ್ ಗಟ್ಟಿಯಾಗದಿದ್ದರೆ ಗಾಳಿ ಮಾಸ್ಟರ್ ಸಿಲಿಂಡರಿನಲ್ಲೇ ಇರಬಹುದು. ಹೊಸದಾಗಿ ಕೂರಿಸಿದ್ದರೆ ಅದು ಬಹುತೇಕ ಖಚಿತ. ಹೊರಹೋಗುವ ಪೈಪಿನ ಯೂನಿಯನ್ ನಟ್ಟನ್ನು ಬಟ್ಟೆ ಸುತ್ತಿ ಅರ್ಧ ಸುತ್ತು ಸಡಿಲಿಸಿ, ಪೆಡಲ್ ನಿಧಾನ ಒತ್ತಿಸಿ, ಒತ್ತಿದ್ದಾಗಲೇ ಬಿಗಿ ಮಾಡಿ. ಮೂರು ನಾಲ್ಕು ಸಲದಲ್ಲಿ ಗುಳ್ಳೆ ಹೊರಬರುತ್ತದೆ. ಮಾರಿಸ್ ಮೈನರ್‌ನಂತೆ ಮುಂದಿನ ಪ್ರತಿ ಚಕ್ರಕ್ಕೂ ಎರಡು ಸಿಲಿಂಡರ್ ಇರುವ ಕಾರಿನಲ್ಲಿ ಎರಡನ್ನೂ ಜೋಡಿಸುವ ಸಣ್ಣ ಪೈಪಿನಲ್ಲಿ ಗಾಳಿ ನಿಲ್ಲುವುದುಂಟು. ಅಲ್ಲಿ ಬ್ಯಾಕ್ ಪ್ಲೇಟನ್ನು ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾ ಒತ್ತಿಸಿ. ಸಿಲಿಂಡರ್ ಬದಲಿಸಿದ ಕಾರಿನಲ್ಲಿ ನಿಪ್ಪಲ್ ಸಿಲಿಂಡರಿನ ಮೇಲ್ಭಾಗದಲ್ಲಿದೆಯೇ ನೋಡಿ. ಎಡ ಬಲ ಅದಲುಬದಲಾಗಿ ನಿಪ್ಪಲ್ ಕೆಳಗೆ ಬಂದಿದ್ದರೆ ಎಷ್ಟು ಲೀಟರ್ ಸುರಿದರೂ ಮೇಲಿನ ಗಾಳಿ ಅಲ್ಲೇ ಇರುತ್ತದೆ.

ನಿಪ್ಪಲ್‌ಗಳನ್ನು ಗಿಡ್ಡ ಸ್ಪ್ಯಾನರಿನಲ್ಲಿ ಮಣಿಕಟ್ಟಿನ ಬಲದಿಂದಷ್ಟೇ ಬಿಗಿಯಿರಿ, ಸಣ್ಣ ನಿಪ್ಪಲ್ಲಿಗೆ 6ರಿಂದ 10 ನ್ಯೂಟನ್ ಮೀಟರ್ ಸಾಕಾಗುತ್ತದೆ. ಶೂ ಸಡಿಲಿಸಿ ಅಡ್ಜಸ್ಟ್ ಮಾಡಿ, ರಬ್ಬರ್ ಕ್ಯಾಪ್ ಹಾಕಿ, ಎಂಜಿನ್ ಆಫ್ ಇರುವಾಗ ಪೆಡಲನ್ನು ಜೋರಾಗಿ ಒತ್ತಿ ಒಂದು ನಿಮಿಷ ಹಿಡಿದುಕೊಳ್ಳಿ. ಕೂದಲೆಳೆಯಷ್ಟು ಇಳಿದರೂ ಕಾರು ಹೊರಗೆ ತೆಗೆಯಬೇಡಿ. ಆ ಒತ್ತಡ ಇರುವಾಗಲೇ ಇನ್ನೊಬ್ಬರು ನಾಲ್ಕೂ ನಿಪ್ಪಲ್ ಮತ್ತು ಹೋಸ್ ಜಾಯಿಂಟ್‌ಗಳನ್ನು ಒಣ ಕಾಗದದಿಂದ ಒತ್ತಿ ನೋಡಲಿ. ಕಾಗದ ಒಣಗಿಯೇ ಇದ್ದರೆ ಖಾಲಿ ಜಾಗದಲ್ಲಿ ಗಂಟೆಗೆ 10 ಕಿ.ಮೀ. ವೇಗದಲ್ಲಿ ಹ್ಯಾಂಡ್ ಬ್ರೇಕಿನ ಮೇಲೆ ಕೈ ಇಟ್ಟು ಮೂರು ನಾಲ್ಕು ಸಲ ನಿಲ್ಲಿಸಿ ನೋಡಿ, ಕಾರು ಒಂದು ಕಡೆಗೆ ಎಳೆದರೆ ಮುಂದಿನ ಚಕ್ರಗಳ ಶೂ ಅಡ್ಜಸ್ಟ್‌ಮೆಂಟನ್ನು ಮತ್ತೊಮ್ಮೆ ಸರಿಮಾಡಿ. ಮಾರನೇ ದಿನ ಬೆಳಿಗ್ಗೆ ಮೊದಲ ಒತ್ತಿನಲ್ಲೇ ಪೆಡಲ್ ಹಿಂದಿನ ದಿನದ ಎತ್ತರದಲ್ಲಿ ನಿಂತು, ಡಬ್ಬಿಯ ಮಟ್ಟವೂ ಇಳಿಯದೆ ಇದ್ದರೆ ಮಾತ್ರ ರಸ್ತೆಗೆ ಇಳಿಸಿ.